ಅಗೇಟ್ ಕಲ್ಲಿನ ಪಟ್ಟೆ ಎಣಿಸಿದರೆ ಅದರ ವಯಸ್ಸು ಗೊತ್ತಾಗುತ್ತದೆಯೇ? ಉತ್ತರ ಹುಡುಕಿದ ಲೀಸೆಗಾಂಗ್ ಕಥೆ

ಅಗೇಟ್ ಕಲ್ಲನ್ನು ಕತ್ತರಿಸಿ ಹೊಳಪು ಕೊಟ್ಟರೆ ಒಳಗೆ ಒಂದರೊಳಗೊಂದು ಸುತ್ತಿಕೊಂಡ ಬಣ್ಣದ ಪಟ್ಟೆಗಳು ಕಾಣುತ್ತವೆ. ಹಕೀಕ್ ಎಂಬ ಹೆಸರಿನಲ್ಲಿ ಉಂಗುರ, ಮಾಲೆಗಳಲ್ಲಿ ಇದನ್ನು ನೀವೂ ನೋಡಿರಬಹುದು. ನೋಡಿದ ಕೂಡಲೇ ಮರದ ಕಾಂಡದ ಉಂಗುರಗಳು ನೆನಪಾಗುತ್ತವೆ. ಹಾಗಾದರೆ ವರ್ಷಕ್ಕೊಂದು ಪಟ್ಟೆಯೇ? ಎಣಿಸಿದರೆ ಕಲ್ಲಿನ ವಯಸ್ಸು ಸಿಗುತ್ತದೆಯೇ?

ಇಲ್ಲ. ಯಾಕೆ ಇಲ್ಲ ಎಂದು ತಿಳಿಯಲು ನಾವು ರಾಫೇಲ್ ಎಡುವರ್ಡ್ ಲೀಸೆಗಾಂಗ್ ಎಂಬ ಜರ್ಮನ್ ವಿಜ್ಞಾನಿಯ ಬದುಕನ್ನು ನೋಡೋಣ.

ಫೋಟೋ ಸಾಮಗ್ರಿಯ ಮನೆಯಲ್ಲಿ ಹುಟ್ಟಿದವರು

ಲೀಸೆಗಾಂಗ್ ಹುಟ್ಟಿದ್ದು 1869ರಲ್ಲಿ, ಜರ್ಮನಿಯ ಎಲ್ಬರ್‌ಫೆಲ್ಡ್‌ನಲ್ಲಿ. ಫೋಟೋಗ್ರಫಿ ಸಾಮಗ್ರಿ ತಯಾರಿಸುವುದು ಅವರ ಮನೆತನದ ಉದ್ಯಮ. ಆಗಿನ ಫೋಟೋ ಅಂದರೆ ಪೂರ್ತಿ ರಸಾಯನಶಾಸ್ತ್ರ: ಜೆಲಾಟಿನ್ ಎಂಬ ಜೆಲ್ಲಿಯಲ್ಲಿ ಬೆಳ್ಳಿಯ ಲವಣ ಬೆರೆಸಿ ಗಾಜು ಅಥವಾ ಕಾಗದಕ್ಕೆ ಹಚ್ಚಬೇಕಿತ್ತು. ಹೀಗಾಗಿ ಜೆಲಾಟಿನ್, ಬೆಳ್ಳಿ ಎರಡೂ ಅವರಿಗೆ ಚಿಕ್ಕಂದಿನಿಂದಲೇ ಪರಿಚಿತ.

ಕುತೂಹಲ ಮಾತ್ರ ಫೋಟೋಗೆ ಸೀಮಿತವಾಗಿರಲಿಲ್ಲ. 1891ರಲ್ಲೇ, ಟಿವಿ ಎಂಬ ಯಂತ್ರ ಇನ್ನೂ ಬರುವ ಮೊದಲೇ, ವಿದ್ಯುತ್ ಮೂಲಕ ದೂರದ ದೃಶ್ಯ ಕಾಣುವುದು ಹೇಗೆ ಎಂಬ ಬಗ್ಗೆ ಪುಸ್ತಕ ಪ್ರಕಟಿಸಿದ್ದರು.

ಒಂದು ಹನಿ ಮಾಡಿದ ಉಂಗುರಗಳು

1896ರಲ್ಲಿ ಅವರು ಮಾಡಿದ ಪ್ರಯೋಗ ತುಂಬಾ ಸರಳ. ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದ ಜೆಲಾಟಿನ್ ಅನ್ನು ಗಾಜಿನ ಮೇಲೆ ಹರಡಿ, ನಡುವೆ ಸಿಲ್ವರ್ ನೈಟ್ರೇಟ್‌ನ ಒಂದು ಹನಿ ಬಿಟ್ಟರು. ಎರಡೂ ಸೇರಿದಾಗ ಕೆಂಗಂದು ಬಣ್ಣದ ಲವಣ ಹುಟ್ಟುತ್ತದೆ. ಹಾಗಾಗಿ ಕಲೆ ಒಂದೇ ಸಮನೆ ಹರಡಬೇಕು ಎಂದು ನಾವು ಊಹಿಸುತ್ತೇವೆ. ಆದರೆ ಮೂಡಿದ್ದು ಬಿಡಿಬಿಡಿಯಾದ ಉಂಗುರಗಳು. ನಡುನಡುವೆ ಖಾಲಿ ಜಾಗ!

ಮರುವರ್ಷ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಎಂಬ ರಸಾಯನ ವಿಜ್ಞಾನಿ ಇದಕ್ಕೊಂದು ವಿವರಣೆ ಕೊಟ್ಟರು. ಹೊಸ ಲವಣ ಹುಟ್ಟಿದ ಕೂಡಲೇ ಗಟ್ಟಿಯಾಗುವುದಿಲ್ಲ. ಒಂದು ಮಿತಿ ದಾಟುವವರೆಗೆ ಕರಗಿಯೇ ಇದ್ದು, ಆಮೇಲೆ ಒಮ್ಮೆಗೇ ಗಟ್ಟಿಯಾಗಿ ಉಂಗುರವಾಗುತ್ತದೆ. ಆಗ ಅಕ್ಕಪಕ್ಕದ ಡೈಕ್ರೋಮೇಟ್ ಖಾಲಿಯಾಗುತ್ತದೆ. ಬೆಳ್ಳಿ ಇನ್ನಷ್ಟು ದೂರ ಸಾಗಿದ ಮೇಲೆ ಮತ್ತೊಂದು ಉಂಗುರ. ಇಲ್ಲಿ ಮಳೆಗಾಲವೂ ಇಲ್ಲ, ಬೇಸಿಗೆಯೂ ಇಲ್ಲ. ಆದರೂ ಉಂಗುರ ಮೂಡುತ್ತದೆ. ಅಂದರೆ ಉಂಗುರ ಕಂಡಲ್ಲೆಲ್ಲ ವರ್ಷದ ಲೆಕ್ಕ ಇರಬೇಕಿಲ್ಲ.

ಇಂಥ ವಿನ್ಯಾಸಗಳನ್ನು ಸುಮಾರು 40 ವರ್ಷ ಮೊದಲೇ ಫ್ರೀಡ್‌ಲೀಬ್ ರುಂಗೆ ಹೀರುಕಾಗದದ ಮೇಲೆ ಕಂಡಿದ್ದರು. ಆದರೆ ಹೆಸರು ಉಳಿದದ್ದು ಲೀಸೆಗಾಂಗ್ ಉಂಗುರಗಳು ಎಂದೇ.

ಜೆಲ್ಲಿಯಿಂದ ಕಲ್ಲಿಗೆ

ಲೀಸೆಗಾಂಗ್ ಇದೇ ಕಣ್ಣಿನಿಂದ ಅಗೇಟನ್ನು ನೋಡಿದರು. ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿಯುತ್ತವೆ. ಬಂಡೆಯಲ್ಲಿ ಜಿನುಗುವ ನೀರು ಸಿಲಿಕಾವನ್ನು ಕರಗಿಸಿಕೊಂಡು ಬಂದು ಆ ಪೊಳ್ಳುಗಳಲ್ಲಿ ಬಿಡುತ್ತದೆ. ಅದು ಕ್ಯಾಲ್ಸೆಡನಿ ಎಂಬ ಖನಿಜವಾಗಿ ಗಟ್ಟಿಯಾಗುತ್ತದೆ. ಕ್ಯಾಲ್ಸೆಡನಿ ಅಂದರೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸ್ಫಟಿಕದ ಎಳೆಗಳ ಹೆಣಿಗೆ. ಕೆಂಪು, ಕಂದು ಬಣ್ಣ ಕೊಡುವುದು ಕಬ್ಬಿಣದ ಅಂಶ.

1915ರಲ್ಲಿ ಲೀಸೆಗಾಂಗ್ ಅಗೇಟ್ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಅವರ ವಾದ ಹೀಗಿತ್ತು: ಮೊದಲು ಪೊಳ್ಳಿನ ತುಂಬ ಸಿಲಿಕಾದ ಜೆಲ್ಲಿ ಇತ್ತು, ಕಬ್ಬಿಣದ ಲವಣಗಳು ಅದರೊಳಗೆ ಹರಡುತ್ತಾ ಪಟ್ಟೆಗಳಾದವು, ಥೇಟ್ ಗಾಜಿನ ಮೇಲಿನ ಪ್ರಯೋಗದಂತೆ.

ಹೋಲಿಕೆಯೇ ಪುರಾವೆಯೇ?

ವಾದ ಆಕರ್ಷಕವಾಗಿತ್ತು. ಆದರೆ ಕಲ್ಲು ಪೂರ್ತಿ ಒಪ್ಪಲಿಲ್ಲ.

ಮೊದಲನೆಯದು, ಲೀಸೆಗಾಂಗ್ ಉಂಗುರಗಳ ಅಂತರ ಸಾಮಾನ್ಯವಾಗಿ ಹನಿಯಿಂದ ದೂರ ಹೋದಂತೆ ಒಂದು ಲೆಕ್ಕದಲ್ಲಿ ಹೆಚ್ಚುತ್ತದೆ. ಅನೇಕ ಅಗೇಟ್‌ಗಳಲ್ಲಿ ಈ ಕ್ರಮ ಕಾಣುವುದಿಲ್ಲ.

ಎರಡನೆಯದು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳು ಪೊಳ್ಳಿನ ಗೋಡೆಯಿಂದ ಒಳಮುಖವಾಗಿ ಬೆಳೆದಿರುತ್ತವೆ. ಕೆಲವು ಅಗೇಟ್‌ಗಳ ತಳದಲ್ಲಿ ನೀರು ನಿಂತಂತೆ ಮಟ್ಟಸವಾದ ಪದರಗಳೂ ಇವೆ. ಇವು ಭಾರಕ್ಕೆ ಕೆಳಗೆ ಕೂತ ಸಿಲಿಕಾ ಕಣಗಳು.

ಮೂರನೆಯದು, ಪಟ್ಟೆ ಬರೀ ಬಣ್ಣವಲ್ಲ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನ ಕುಶಲಕರ್ಮಿಗಳು ಅಗೇಟ್‌ಗೆ ಬಣ್ಣ ಹಾಕುವುದರಲ್ಲಿ ಪಳಗಿದವರು. ಕೆಲವು ಪಟ್ಟೆಗಳು ಬಣ್ಣ ಹೀರುತ್ತವೆ, ಕೆಲವು ಹೀರುವುದಿಲ್ಲ. ಅಂದರೆ ಪದರಗಳ ಒಳರಚನೆಯೇ ಬೇರೆ ಬೇರೆ. ಅಂಗಡಿಯಲ್ಲಿ ಕಾಣುವ ಕಡು ಗುಲಾಬಿ, ಕಡು ನೀಲಿ ಅಗೇಟ್‌ಗಳು ಸಾಮಾನ್ಯವಾಗಿ ಹೀಗೆ ಬಣ್ಣ ಹಾಕಿದವೇ.

ಹಾಗಾದರೆ ಲೀಸೆಗಾಂಗ್ ಪೂರ್ತಿ ತಪ್ಪೇ? ಹಾಗೂ ಅಲ್ಲ. ಕಬ್ಬಿಣದ ಕೆಲವು ಬಣ್ಣದ ಗೆರೆಗಳಿಗೆ ಅವರ ವಿವರಣೆ ಈಗಲೂ ಪರಿಗಣನೆಯಲ್ಲಿದೆ. ಮರಳುಗಲ್ಲಿನಲ್ಲಿ ಕಾಣುವ ತುಕ್ಕಿನ ಬಣ್ಣದ ಪಟ್ಟೆಗಳನ್ನು ಭೂವಿಜ್ಞಾನಿಗಳು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಗೇಟ್ ಪದರಗಳ ಬಗ್ಗೆ ಮಾತ್ರ ಸಂಶೋಧನೆ ಇನ್ನೂ ಮುಗಿದಿಲ್ಲ.

ಲೀಸೆಗಾಂಗ್ ಕೂಡ ಒಂದೇ ವಿಷಯಕ್ಕೆ ಅಂಟಿಕೊಂಡವರಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ನರಕೋಶಗಳಿಗೆ ಬೆಳ್ಳಿಯ ಬಣ್ಣ ಹಿಡಿಸುವ ವಿಧಾನದ ಮೇಲೂ ಕೆಲಸ ಮಾಡಿದರು. ಫೋಟೋದ ಬೆಳ್ಳಿ ಇಲ್ಲಿಯೂ ಕೈಹಿಡಿಯಿತು. 1947ರಲ್ಲಿ ತೀರಿಕೊಂಡರು.

ಕಲ್ಲಿನ ವಯಸ್ಸು ತಿಳಿಯುವುದು ಹೇಗೆ?

ಸುತ್ತಲಿನ ಲಾವಾ ಬಂಡೆಯಲ್ಲಿರುವ ವಿಕಿರಣಶೀಲ ಧಾತುಗಳನ್ನು ಅಳೆದು ಬಂಡೆಯ ವಯಸ್ಸು ಕಂಡುಹಿಡಿಯುತ್ತಾರೆ. ಅದರ ಪೊಳ್ಳಿನಲ್ಲಿ ಬೆಳೆದ ಅಗೇಟ್ ಅದಕ್ಕಿಂತ ಚಿಕ್ಕದು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗೂ ಹಬ್ಬಿರುವ ದಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಆ ಲಾವಾದ ಪೊಳ್ಳುಗಳಲ್ಲಿ ಸಿಗುವ ಅಗೇಟ್‌ಗಳು ಆಮೇಲಿನವು.

ಶೇರ್ ಮಾಡುವ ಮುನ್ನ

ಎರಡು ವಸ್ತುಗಳು ಒಂದೇ ಥರ ಕಂಡರೆ ಕಾರಣವೂ ಒಂದೇ ಇರಬೇಕಿಲ್ಲ. ಮರದ ಉಂಗುರದ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ, ಪ್ರಯೋಗ ಮಾಡಿ ತೋರಿಸಿದ ವಿಜ್ಞಾನಿಯ ಹೋಲಿಕೆಯನ್ನೂ ಕಲ್ಲಿನ ಮುಂದಿಟ್ಟು ಪರೀಕ್ಷಿಸಬೇಕಾಯಿತು. ಎರಡು ಫೋಟೋ ಪಕ್ಕಪಕ್ಕ ಇಟ್ಟು ಇದೇ ಪುರಾವೆ ಎನ್ನುವ ಫಾರ್ವರ್ಡ್ ಬಂದಾಗ ನಾವೂ ಅಷ್ಟೇ ಮಾಡೋಣ: ಹೋಲಿಕೆ ಬಿಟ್ಟು ಬೇರೇನು ಸಾಕ್ಷಿ ಇದೆ ಎಂದು ಕೇಳೋಣ.