ನಿಮ್ಹಾನ್ಸ್‌ಗೂ ಮುಂಚಿನ ಗೋವಿಂದಸ್ವಾಮಿ

ನಮ್ಮ ಹನೂರು ಕಡೆ ಯಾರಿಗಾದರೂ ಮನಸ್ಸು ಕೆಟ್ಟರೆ ದೇವರು, ದಿಂಡರು ಎಲ್ಲಾ ಆದಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ತಾರೆ. ಆ ಸಂಸ್ಥೆಗೆ ಬುನಾದಿ ಹಾಕಿದವರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿ ಮುಖ್ಯರು. ಮನೋವೈದ್ಯರಿಗೆಲ್ಲ ಗೊತ್ತಿರೋ ಈ ಹೆಸರು ನಮ್ಮಂಥ ಇಂಜಿನಿಯರಿಂಗ್‌ನವರ ಕಿವಿಗೆ ಬೀಳೋದೇ ಇಲ್ಲ.

ವಿದೇಶದಲ್ಲಿ ತರಬೇತಿ ಪಡೆದು ಬಂದ ಅವರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. (ಆಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದರೆ ಅವರ ಆಸ್ಪತ್ರೆ ನಮಗೆ ಬೇರೆ ಸೀಮೆಯದ್ದು!) ಇಲ್ಲದ ದನಿ ಕೇಳುವ, ಎಲ್ಲರೂ ಕೊಲ್ಲೋಕೆ ಬರ್ತಿದ್ದಾರೆ ಅನ್ನಿಸುವ ಸೈಕೋಸಿಸ್‌ಗೆ ಅವತ್ತು ಸರಿಯಾದ ಮಾತ್ರೆ ಇರಲಿಲ್ಲ. ಕಾರ್ಡಿಯಾಜೋಲ್ ಇಂಜೆಕ್ಷನ್ ಕೊಟ್ಟು ಫಿಟ್ಸ್ ಬರಿಸುತ್ತಿದ್ದರು. ಶಸ್ತ್ರವೈದ್ಯ ಬಾಲಕೃಷ್ಣರಾವ್ ಜೊತೆ ಸೇರಿ ಅವರು ಮೆದುಳಿನ ಲ್ಯೂಕಾಟಮಿ ಆಪರೇಷನ್ ಕೂಡ ಮಾಡಿಸಿದರು. ಇವತ್ತು ಓದಿದರೆ ಮೈ ಜುಮ್ ಅನ್ನುತ್ತೆ. ಬೇರೆ ದಾರಿ ಇಲ್ಲದ ಕಾಲ ಅಂತ ಹೇಳಬಹುದು, ಆದರೂ ಆ ರೋಗಿಗಳನ್ನು ನೆನೆದರೆ ನಮಗೆ ಸಂಕಟವೇ.

ನಮಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಕೆಲಸ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅವರೇ ಮೊದಲ ನಿರ್ದೇಶಕರು. ಅಲ್ಲಿ ಡಾಕ್ಟರುಗಳ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಸಿಕ್ಕಿತು. 1961ರಲ್ಲಿ ಅವರು ತೀರಿಕೊಂಡರು. 1974ರಲ್ಲಿ ಆ ಸಂಸ್ಥೆ, ಹಳೆಯ ಆಸ್ಪತ್ರೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಅವರ ಕೊನೆಯ ದಶಕದಲ್ಲೇ ಕ್ಲೋರ್‌ಪ್ರೊಮಜೀನ್ ಅನ್ನೋ ಔಷಧಿ ಜಗತ್ತಿಗೆ ಬಂತು. ಆಮೇಲಾಮೇಲೆ ರೋಗಿಗಳು ವರ್ಷಗಟ್ಟಲೆ ಒಳಗಿರದೆ ಮನೆಗೆ ಬರೋ ಹಾಗಾಯ್ತು. ಕಷ್ಟ ಇರೋದು ಇಲ್ಲೇ. ಸೈಕೋಸಿಸ್‌ನಿಂದ ಅಡ್ಮಿಟ್ ಆದವರಿಗೆ ಆತ್ಮಹತ್ಯೆಯ ಅಪಾಯ ಸೇರಿದ ಮೊದಲ ದಿನಗಳಲ್ಲಿ ಜಾಸ್ತಿ, ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ. ದನಿಗಳು ನಿಂತಿರುತ್ತವೆ, ಆದರೆ ಏನೇನು ಕಳ್ಕೊಂಡೆ ಅನ್ನೋದು ಆಗಲೇ ಅರಿವಿಗೆ ಬರುತ್ತೆ: ಬಿಟ್ಟುಹೋದ ಓದು, ನಿಂತುಹೋದ ಮದುವೆ ಮಾತು, ಬೀದಿಯವರ ನೋಟ. ನಮ್ಮಲ್ಲಿ ಮನೆಗೆ ಬಂದ ಅಂದ್ರೆ ವಾಸಿಯಾಯ್ತು ಅಂತಲೇ ಲೆಕ್ಕ. ಮಾತ್ರೆ ನಿಲ್ಲುತ್ತೆ. ಮುಂದಿನ ತಪಾಸಣೆಗೆ ಮಳವಳ್ಳಿ, ಕನಕಪುರ ದಾಟಿ ಹೋಗಬೇಕಂದ್ರೆ ಬಸ್ ಚಾರ್ಜೂ ಬೇಕು, ಒಂದು ದಿನದ ಕೂಲಿಯೂ ಹೋಗುತ್ತೆ.

ಹಾಗೆ ಮನೆಗೆ ಬಂದವರು ನಿಮ್ಮ ಪೈಕಿಯಲ್ಲೂ ಇರಬಹುದು. ಅವರು ಸಾಯೋ ಮಾತಾಡಿದರೆ ತಮಾಷೆ ಅಂದ್ಕೋಬೇಡಿ, ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ತಿಳಿಸಿ. ಟೆಲಿ ಮನಸ್ ನಂಬರ್ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.