ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು

ಹಾಲೇರಿಯ ವೀರಶೈವ ಅರಸರು 1834ನೆಯ ಇಸವಿಯವರೆಗೆ ಆಳಿದ ಕೊಡಗು ದೇಶವು ವಿಸ್ತಾರದಲ್ಲಿ ಕಿರಿದಾದರೂ ಶೌರ್ಯದಲ್ಲಿ ಹಿರಿದು. ಗಂಡುಮಗು ಹುಟ್ಟಿದೊಡನೆ ಕೋವಿಯ ಒಂದು ಗುಂಡು ಹಾರಿಸಿ ಊರಿಗೆ ಸುದ್ದಿಯನ್ನರುಹುವುದು ಅಲ್ಲಿಯ ಕೊಡವರ ಸಂಪ್ರದಾಯ. ಆ ನಾಡಿನ ಶನಿವಾರಸಂತೆಯಲ್ಲಿ, ಕೊಡಂದೇರ ಮನೆತನದ ಮಾದಪ್ಪನವರ ಪುತ್ರರಾಗಿ ಕಾರ್ಯಪ್ಪನವರು 1899ನೆಯ ಜನವರಿ 28ರಂದು ಜನಿಸಿದರು. ತಂದೆ ರೆವಿನ್ಯೂ ಇಲಾಖೆಯ ನೌಕರರು. ಬಂಧುಬಳಗವು ಬಾಲಕನನ್ನು ಚಿಮ್ಮನೆಂದು ಮುದ್ದಿನಿಂದ ಕರೆಯುತ್ತಿತ್ತು.

ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದ ಇವರು, ಭಾರತೀಯರಿಗೂ ಸೈನ್ಯಾಧಿಕಾರಿಯ ಪದವಿ ದೊರೆಯಬಹುದೆಂದು ತಿಳಿದೊಡನೆ ಅರ್ಜಿ ಸಲ್ಲಿಸಿ, ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಪಡೆದ ಮೊದಲ ತಂಡದಲ್ಲಿ ಸೇರಿ 1919ರಲ್ಲಿ ಅಧಿಕಾರಿಗಳಾದರು. ಮುಂದಿನ ದಾರಿಯಲ್ಲೆಲ್ಲ ಮೊದಲಿಗರಾಗುವ ಭಾಗ್ಯವೂ ಭಾರವೂ ಇವರದಾಯಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಪ್ರಥಮ ಭಾರತೀಯರು ಇವರೇ. 1942ರಲ್ಲಿ ಸೇನೆಯ ಒಂದು ಪಡೆಯ ನಾಯಕತ್ವವನ್ನು ವಹಿಸಿದ ಪ್ರಥಮ ಭಾರತೀಯರೂ ಇವರೇ. 1948ರ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ವಿಭಾಗದ ಸೈನ್ಯವು ಇವರ ಅಧೀನದಲ್ಲಿದ್ದಿತು. 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಆ ವರ್ಷದ ನವೆಂಬರಿನ ಹಿಮದಲ್ಲಿ ಟ್ಯಾಂಕುಗಳನ್ನೇರಿಸಿ, ದ್ರಾಸ್ ಮತ್ತು ಕಾರ್ಗಿಲುಗಳನ್ನು ಮರಳಿ ಪಡೆದುದು ಆಗಲೇ. ಆ ಕಾರ್ಯವನ್ನು ರಣರಂಗದಲ್ಲಿ ನಿಂತು ನಡೆಯಿಸಿದ ತಿಮ್ಮಯ್ಯನವರೂ ಕೊಡಗಿನವರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು.

1949ನೆಯ ಜನವರಿ 15ರಂದು ಜನರಲ್ ಬುಚರರಿಂದ ಅಧಿಕಾರವನ್ನು ಸ್ವೀಕರಿಸಿ ಕಾರ್ಯಪ್ಪನವರು ಭಾರತ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಸೇನಾ ದಿನವೆಂದು ಪ್ರತಿವರ್ಷವೂ ಆಚರಿಸಲ್ಪಡುತ್ತದೆ. ಜಾತಿ ಪ್ರಾಂತಗಳ ಹೆಸರಿನಲ್ಲಿ ಪಡೆಗಳನ್ನು ಕಟ್ಟುವುದು ಬ್ರಿಟಿಷರ ರೂಢಿಯಾಗಿತ್ತು. ಇವರು ಅದನ್ನು ಬಿಟ್ಟು, ಎಲ್ಲ ಕುಲದವರಿಗೂ ಎಲ್ಲ ಸೀಮೆಯವರಿಗೂ ಬಾಗಿಲು ತೆರೆದಿರುವ ಗಾರ್ಡ್ಸ್ ದಳವನ್ನು ಆ ವರ್ಷವೇ ಸ್ಥಾಪಿಸಿದರು. ಇವರ ಕಾರ್ಯಗಳಲ್ಲಿ ಇದಕ್ಕೆ ಮೇಲಾದ ಸ್ಥಾನವನ್ನು ಕೊಡತಕ್ಕದ್ದು.

ಇಷ್ಟು ಉನ್ನತಿಗೇರಿದವರ ಗೃಹಜೀವನವು ಸುಖಮಯವಾಗಿರಲಿಲ್ಲ. 1937ರಲ್ಲಿ ನಡೆದ ವಿವಾಹವು 1945ರಲ್ಲಿ ಅಗಲಿಕೆಯಲ್ಲಿ ಮುಗಿಯಿತು. ಕೆಲವೇ ವರ್ಷಗಳಲ್ಲಿ ಆ ತಾಯಿಯೂ ಅಪಘಾತದಲ್ಲಿ ತೀರಿಕೊಂಡರು. ಮಗ ನಂದ, ಮಗಳು ನಳಿನಿ ಇಬ್ಬರಿಗೂ ತಂದೆಯೇ ತಾಯಿಯಾದರು. ಆದರೆ ಸಲುಗೆಯ ತಾಯಿಯಲ್ಲ. ಶಾಲೆಯ ವಾಹನವು ಬಾರದ ಒಂದು ದಿನ ಸಹಾಯಕ ಅಧಿಕಾರಿಯು ಮಕ್ಕಳನ್ನು ಸರ್ಕಾರದ ಕಾರಿನಲ್ಲಿ ಕಳುಹಿಸಿದುದಕ್ಕೆ ದಂಡನಾಯಕರು ಕನಲಿ, ಅದರ ವೆಚ್ಚವನ್ನು ತಮ್ಮ ಕೈಯಿಂದಲೇ ತೆತ್ತರೆಂದು ಮಗನ ನೆನಪುಗಳಿಂದ ತಿಳಿದುಬರುತ್ತದೆ. ಅಷ್ಟು ಬಿಗಿ ಏಕೆಂದು ಆ ಮಕ್ಕಳಿಗೆ ಆಗ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

1953ರಲ್ಲಿ ಸೇನೆಯಿಂದ ನಿವೃತ್ತರಾಗಿ, ಆಸ್ಟ್ರೇಲಿಯ ಮತ್ತು ನ್ಯೂಜೀಲೆಂಡ್ ದೇಶಗಳಲ್ಲಿ 1956ರವರೆಗೆ ಹೈಕಮಿಷನರ್ ಪದವಿಯನ್ನು ನಿರ್ವಹಿಸಿ, ಮಡಿಕೇರಿಯ ತಮ್ಮ ಮನೆಯಾದ ರೋಶನಾರಾದಲ್ಲಿ ನೆಲೆಸಿದರು. ಅಲ್ಲಿರುವಾಗಲೇ ಅತಿ ದೊಡ್ಡ ಪರೀಕ್ಷೆಯು ಒದಗಿತು.

1965ರ ಯುದ್ಧದಲ್ಲಿ, ಕದನವಿರಾಮಕ್ಕೆ ಇನ್ನೊಂದೇ ರಾತ್ರಿ ಉಳಿದಿದ್ದ ಸೆಪ್ಟೆಂಬರ್ 22ರಂದು, ವಾಯುಸೇನೆಯಲ್ಲಿದ್ದ ಮಗನ ಹಂಟರ್ ವಿಮಾನವು ಶತ್ರುಗಳ ಗುಂಡಿಗೆ ಸಿಕ್ಕಿ ಉರುಳಿತು. ಬೆನ್ನೆಲುಬಿಗೆ ಪೆಟ್ಟುಬಿದ್ದು ಮಗನು ಪಾಕಿಸ್ತಾನದ ಸೆರೆಯಾಳಾದನು. ಆ ದೇಶದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಅವಿಭಕ್ತ ಸೈನ್ಯದಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದವರು. ಹಳೆಯ ಗುರುತನ್ನು ಮರೆಯದೆ ಅವರು ಮಗನ ಕ್ಷೇಮವನ್ನು ತಿಳಿಯಪಡಿಸಿ, ಇಚ್ಛಿಸಿದಲ್ಲಿ ಬಿಡುಗಡೆ ಮಾಡುವುದಾಗಿ ಹೇಳಿಕಳುಹಿದರು. ವೃದ್ಧ ತಂದೆಗೆ ಆಗ 66 ವರ್ಷ. ಇದ್ದವನು ಒಬ್ಬನೇ ಮಗ. ಒಂದು ಮಾತಿಗೆ ಮಗನು ಮನೆಗೆ ಬರುತ್ತಿದ್ದನು. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ ಆದುದರಿಂದ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ಇವನಿಗೊಬ್ಬನಿಗೆ ವಿಶೇಷವು ಬೇಡವೆಂಬುದು ತಂದೆಯ ಉತ್ತರವಾಗಿತ್ತು. ಅಯೂಬರ ಪತ್ನಿಯೂ ಪುತ್ರನೂ ಗಾಯಾಳುವನ್ನು ಕಂಡು ಬಂದರೆಂಬುದನ್ನೂ ಹೇಳಬೇಕು; ಸೌಜನ್ಯವು ಒಂದೇ ಕಡೆಯಲ್ಲಿರಲಿಲ್ಲ. ಮಗನು 1966ನೆಯ ಜನವರಿಯಲ್ಲಿ ಮರಳಿದನು. ಕಳೆದ ಆ ನಾಲ್ಕು ತಿಂಗಳ ರಾತ್ರಿಗಳನ್ನು ರೋಶನಾರಾದ ಗೋಡೆಗಳು ಮಾತ್ರ ಬಲ್ಲವು. ಆ ಮಗನೇ ಮುಂದೆ ಏರ್ ಮಾರ್ಷಲ್ ಪದವಿಗೇರಿದರು.

ರಾಜಕೀಯವು ಇವರಿಗೆ ಒಗ್ಗಲಿಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಸೋಲಬೇಕಾದುದೇ ಎನ್ನಬಹುದು, ಆಜ್ಞೆ ಮಾಡಿ ಅಭ್ಯಾಸವಾದವರು ಮತ ಬೇಡುವುದು ಕಷ್ಟ. ಇವರ ಮನಸ್ಸು ನೆಟ್ಟುದು ಬೇರೆಡೆ: 1964ರಲ್ಲಿ ಮಾಜಿ ಸೈನಿಕರ ಸಂಘವನ್ನು ಕಟ್ಟಿ, ಸಮವಸ್ತ್ರ ಕಳಚಿ ಹಳ್ಳಿಗೆ ಹಿಂದಿರುಗಿದ ಜವಾನರ ಯೋಗಕ್ಷೇಮಕ್ಕಾಗಿ ಮುಪ್ಪಿನಲ್ಲಿಯೂ ದುಡಿದರು. ಕೊಡವರಲ್ಲಿ ಒಕ್ಕದ ಹಿರಿಯನಿಗೆ ಪಟ್ಟೇದಾರನೆನ್ನುತ್ತಾರೆ. ಈ ನಿವೃತ್ತ ಯೋಧರ ದೊಡ್ಡ ಒಕ್ಕಕ್ಕೆ ಕಾರ್ಯಪ್ಪನವರು ಪಟ್ಟೇದಾರರಂತಿದ್ದರು.

1986ರಲ್ಲಿ, 87ರ ಪ್ರಾಯದಲ್ಲಿ, ಸರ್ಕಾರವು ಇವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತಿತು. 1993ನೆಯ ಮೇ 15ರಂದು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಅಂತ್ಯಕ್ರಿಯೆಯು ಮಡಿಕೇರಿಯಲ್ಲಿ ಸೇನಾಮರ್ಯಾದೆಯೊಡನೆ ನಡೆಯಿತು. ಮೂರೂ ಸೇನೆಗಳ ಮುಖ್ಯಸ್ಥರೂ ಫೀಲ್ಡ್ ಮಾರ್ಷಲ್ ಮಾಣೆಕ್ ಷಾರವರೂ ನೋಡುತ್ತಿರಲು, ಅಂದು ಸೆರೆಯಲ್ಲಿ ಬಿಟ್ಟ ಮಗನೇ ತಂದೆಯ ಚಿತೆಗೆ ಅಗ್ನಿಸ್ಪರ್ಶ ಮಾಡಿದರು.