ಉಮ್ಮನ ಕಬರ್‌ಗೆ ಬಂದು ತಲುಪಿದ ಇಬ್ನ್ ಬತೂತ

ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ ವಿಮಾನ ಇಳಿಯುವುದೇ ಇಬ್ನ್ ಬತೂತ ಅವರ ಹೆಸರಿನ ನಿಲ್ದಾಣದಲ್ಲಿ. ಹಳೇ ಪೇಟೆಗೆ ಬಂದು, ದೊಡ್ಡ ಸಂತೆ ಎಂಬ ಚೌಕ ದಾಟಿ ಕೋಟೆ ಬಾಗಿಲೊಳಗೆ ಹೊಕ್ಕರೆ ಮತ್ತೆ ನಡಿಗೆಯೇ ಗತಿ. ಅಕ್ಕಸಾಲಿಗರ ಬೀದಿ ಹಿಡಿದು ಇಳಿದರೆ ಚಿಕ್ಕ ಸಂತೆ. ಆಚೆ ಮೆಟ್ಟಿಲು, ತಿರುವು, ಗಲ್ಲಿಯೊಳಗೊಂದು ಗಲ್ಲಿ. ಅಂಥದೊಂದು ಇಕ್ಕಟ್ಟಿನ ಓಣಿಯಲ್ಲಿ ಪುಟ್ಟ ಕಟ್ಟಡ ತೋರಿಸಿ, ಅವರ ಕಬರ್ ಇದೇ ಅಂತ ಊರವರು ಹೇಳುತ್ತಾರೆ. ಲೋಕ ಸುತ್ತಿದವರಿಗೆ ಅಷ್ಟೇ ಜಾಗ!

ಅವರು ಓಡಾಡಿದ ಮನೆಗಳೇನೂ ಈಗ ಅಲ್ಲಿಲ್ಲ. 1471ರಲ್ಲಿ ಪೋರ್ಚುಗೀಸರು ಬಂದರು, ಆಮೇಲೆ ಇಂಗ್ಲಿಷರು. ಇಂಗ್ಲಿಷರು 1684ರಲ್ಲಿ ಬಿಟ್ಟು ಹೋಗುವಾಗ ಕೋಟೆಯನ್ನು ಸಿಡಿಸಿಯೇ ಹೋದರು. ಆ ಗುಡ್ಡ, ಆ ಕಡಲು ಮಾತ್ರ ಹಾಗೇ ಇದೆ.

ಇಲ್ಲಿ 1304ರಲ್ಲಿ ಖಾಝಿಗಳ ಮನೆತನದಲ್ಲಿ ಹುಟ್ಟಿದ ಇಬ್ನ್ ಬತೂತ, 1325ರ ಜೂನ್‌ನಲ್ಲಿ ಹಜ್ಜ್‌ಗೆಂದು ಒಬ್ಬರೇ ಹೊರಟರು. ವಯಸ್ಸು 21. ತಂದೆ, ತಾಯಿ ಇಬ್ಬರೂ ಇದ್ದರು. ಟ್ಯೂನಿಸ್ ತಲುಪಿದಾಗ ಊರ ಜನ ಬಂದವರಿಗೆಲ್ಲ ಸಲಾಂ ಹೇಳಿದರು, ಗುರುತಿಲ್ಲದ ಈ ಹುಡುಗನಿಗೆ ಯಾರೂ ಹೇಳಲಿಲ್ಲ. ಅತ್ತುಬಿಟ್ಟರು. ಮೊದಲ ಸಲ ಗಲ್ಫ್‌ನಲ್ಲಿ ಇಳಿದ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹಜ್ಜ್ ಮುಗಿದರೂ ಊರಿಗೆ ತಿರುಗಲಿಲ್ಲ. ಇರಾಕ್, ಯಮನ್, ಪೂರ್ವ ಆಫ್ರಿಕ ಸುತ್ತಿ ದಿಲ್ಲಿಗೆ ಬಂದು ಮುಹಮ್ಮದ್ ಬಿನ್ ತುಘಲಕ್‌ನ ಖಾಝಿಯಾದರು. ಚೀನಾಕ್ಕೆ ಸುಲ್ತಾನನ ರಾಯಭಾರಿಯಾಗಿ ಹೊರಟು, 1340ರ ದಶಕದ ಆರಂಭದಲ್ಲಿ ನಮ್ಮ ಕರಾವಳಿಗೇ ಬಂದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆಸಿದ್ದಾರೆ. ಅಂದಿನ ಕಾಲಕ್ಕೆ 13, ನೋಡಿ!

ಮಂಗಳೂರಿನಲ್ಲಿ ಫಾರ್ಸ್, ಯಮನ್‌ಗಳ ವರ್ತಕರು, ರಾಶಿ ರಾಶಿ ಕರಿಮೆಣಸು, ಶುಂಠಿ. ಪೇಟೆಯ ಬದಿಯ ಕೇರಿಯಲ್ಲಿ ಸುಮಾರು 4000 ಮುಸ್ಲಿಮರು. ಊರವರೊಂದಿಗೆ ಜಗಳವೂ ಆಗುತ್ತಿತ್ತು; ವ್ಯಾಪಾರಿಗಳು ಬೇಕಾದ್ದರಿಂದ ರಾಜ ರಾಮದೇವನೇ ರಾಜಿ ಮಾಡಿಸುತ್ತಿದ್ದ. ಖಾಝಿ ಬದ್ರುದ್ದೀನ್ ನಮ್ಮದೇ ಶಾಫಿಈ ಮದ್ಹಬ್‌ನವರು, ಅತಿಥಿಯೋ ಮಾಲಿಕಿ. ಖಾಝಿಯೇ ಹಡಗಿಗೆ ಬಂದು ಕರೆದರೂ, ರಾಜ ತನ್ನ ಮಗನನ್ನು ಹಡಗಿನಲ್ಲಿ ಒತ್ತೆ ಇರಿಸಿದ ಮೇಲೆಯೇ ಇವರು ದಡಕ್ಕೆ ಇಳಿದರು. ಮೂರು ದಿನ ಸತ್ಕಾರ.

ಕಲ್ಲಿಕೋಟೆಯಲ್ಲಿ ಜುಮಾಕ್ಕೆಂದು ದಡದಲ್ಲಿ ಉಳಿದದ್ದರಿಂದ ಜೀವ ಉಳಿಯಿತು. ಸುಲ್ತಾನನ ಉಡುಗೊರೆ ಹೊತ್ತ ಹಡಗು ಬಿರುಗಾಳಿಗೆ ಒಡೆದುಹೋಯಿತು. ಮುಂದೆ ಮಾಲ್ದೀವ್ಸ್, ಚೀನಾ.

1348ರಲ್ಲಿ ದಮಾಸ್ಕಸ್‌ಗೆ ಮರಳಿದಾಗ ಊರ ಕಡೆಯವರೊಬ್ಬರು ಸಿಕ್ಕಿ, ತಂದೆ ತೀರಿ 15 ವರ್ಷವಾಯಿತು ಎಂದರು. ಉಮ್ಮ ಇದ್ದಾರೆ ಎಂದೂ ಹೇಳಿದರು. ಅದು ಪ್ಲೇಗಿನ ಕಾಲ. ಊರೂರಲ್ಲಿ ಮಯ್ಯಿತ್ ಎತ್ತುವುದೇ ಕೆಲಸ. ಇವರು ಮತ್ತೊಮ್ಮೆ ಹಜ್ಜ್ ಮುಗಿಸಿ 1349ರಲ್ಲಿ ಮೊರಾಕ್ಕೊದ ತಾಝಾ ಎಂಬ ಊರು ಮುಟ್ಟಿದರು. ಮನೆಗೆ ಇನ್ನು ಕೆಲವು ದಿನಗಳ ದಾರಿ. ಅಲ್ಲೇ ಸುದ್ದಿ ಬಂತು: ಪ್ಲೇಗ್ ಉಮ್ಮನನ್ನೂ ಬಿಟ್ಟಿರಲಿಲ್ಲ.

24 ವರ್ಷ ಕಳೆದು ಟ್ಯಾಂಜಿಯರ್‌ಗೆ ಬಂದದ್ದು ಉಮ್ಮನ ಕಬರ್ ಝಿಯಾರತ್‌ಗೆ. ಹೆಚ್ಚು ದಿನ ನಿಲ್ಲಲಿಲ್ಲ. ಪಕ್ಕದ ಸಬ್ತಾಕ್ಕೆ ಹೋಗಿ ಮೂರು ತಿಂಗಳು ಕಾಯಿಲೆ ಬಿದ್ದರು. ಎದ್ದವರು ಮತ್ತೆ ಹೊರಟರು, ಸ್ಪೇನ್‌ಗೆ, ಆಮೇಲೆ ಮರುಭೂಮಿ ದಾಟಿ ಮಾಲಿಗೆ. ಫೆಝ್‌ನಲ್ಲಿ ಸುಲ್ತಾನ ಅಬೂ ಇನಾನ್‌ನ ಅಪ್ಪಣೆಯಂತೆ ಎಲ್ಲವನ್ನೂ ಹೇಳಿ ಬರೆಸಿದ್ದು 1355ರಲ್ಲಿ ಮುಗಿಯಿತು. ನಮ್ಮ ಮಂಗಳೂರಿನ ಖಾಝಿಯ ಹೆಸರು ಉಳಿದಿರುವುದೂ ಅದೇ ಕಿತಾಬಿನಲ್ಲಿ.